ಮೊದಲೇ ತುಂಬಿಸಿಟ್ಟ ಮೂರು ಕ್ಯಾಸೆಟ್

ಹೋದ ತಿಂಗಳು ಪರಿಚಯದ ಒಬ್ಬಳು ಹುಡುಗಿ ಫೋನ್ ಮಾಡಿದ್ದಳು. ಅವಳಿಗೂ ಥೈರಾಯ್ಡ್ ಗಂಟಿನ ಆಪರೇಶನ್ ಆಗಬೇಕಂತೆ. "ಸಫಿಯಾಂಟಿ, ಸ್ವರ ಹೋಗ್ತದಾ?" ಎಂದು ಕೇಳಿದಳು. ಉಳಿದದ್ದನ್ನೆಲ್ಲ ಡಾಕ್ಟರರ ಹತ್ತಿರ ಕೇಳಿದ್ದಾಳೆ, ಇದೊಂದನ್ನು ಕೇಳಲಿಕ್ಕೆ ಧೈರ್ಯ ಸಾಲಲಿಲ್ಲವಂತೆ. ನಾನು ನನ್ನ ಕತೆ ಶುರು ಮಾಡಿದೆ. ಅರ್ಧ ಗಂಟೆಯಾದರೂ ಮುಗಿಯಲಿಲ್ಲ. ಕೊನೆಗೆ ಅವಳೇ, "ಇದನ್ನು ಬರೆದುಬಿಡಿ ಆಂಟಿ" ಎಂದಳು. ಸರಿ, ಬರೆಯುತ್ತಿದ್ದೇನೆ. ರೋಗದ ವಿಷಯ ತಿಳಿಯಬೇಕಾದವರು ಡಾಕ್ಟರರನ್ನೇ ಕೇಳಿ. ನನಗೆ ಗೊತ್ತಿರುವುದು ಕಾಯುವುದು, ಹೆದರುವುದು, ಹೆದರಿಕೆಯಲ್ಲಿ ಪೆದ್ದುತನ ಮಾಡುವುದು, ಇಷ್ಟೇ.

ತೊಂಬತ್ತರ ದಶಕದ ನಡುವಿನ ಮಾತು. ನಾವು ಆಗ ದೋಹಾದ ಅಲ್ ಸದ್ದ್‌ನಲ್ಲಿ ಒಂದು ಹಳೆಯ ಕಟ್ಟಡದ ಮೂರನೆಯ ಮಾಳಿಗೆಯಲ್ಲಿದ್ದೆವು. ನಾನು, ನನ್ನ ಗಂಡ ಹಮೀದ್, ಏಳು ವರ್ಷದ ಮಗಳು ಶಬಾನಾ. ಇವರಿಗೆ ಅಲ್ ಖೋರ್ ದಾಟಿ ಆಚೆ ಒಂದು ಕಂಪನಿಯಲ್ಲಿ ಸ್ಟೋರ್‌ಕೀಪರ್ ಕೆಲಸ. ಬೆಳಗ್ಗಿನ ನಮಾಜು ಮುಗಿಸಿ ಕಂಪನಿ ಬಸ್ಸು ಹತ್ತಿದರೆ ಮರಳುವುದು ಸಂಜೆಗೆ. ಮಗಳು ಶಾಲೆಗೆ ಹೋದ ಮೇಲೆ ನನಗೆ ಜೊತೆಯೆಂದರೆ ಎದುರು ಬಾಗಿಲಿನ ಕುಸುಮಕ್ಕ, ಉಡುಪಿ ಕಡೆಯವರು, ಮತ್ತು ಟೇಪ್ ರೆಕಾರ್ಡರ್.

ಟೇಪ್ ರೆಕಾರ್ಡರ್ ಯಾಕೆಂದರೆ, ನನ್ನ ಉಮ್ಮನಿಗೆ, ಅಂದರೆ ಅಮ್ಮನಿಗೆ, ಓದಲಿಕ್ಕೆ ಬರುವುದಿಲ್ಲ. ಬಂಟ್ವಾಳದ ಹತ್ತಿರದ ನಮ್ಮ ಊರಿನ ಮನೆಗೆ ಆಗ ಫೋನೂ ಇರಲಿಲ್ಲ. ಊರಿಗೆ ಹೋಗುವವರ ಕೈಯಲ್ಲಿ ಕ್ಯಾಸೆಟ್ ಕಳಿಸುವುದು, ಬರುವವರ ಕೈಯಲ್ಲಿ ತರಿಸಿಕೊಳ್ಳುವುದು, ಆಗಿನ ನಮ್ಮ ಗಲ್ಫಿನವರ ಪದ್ಧತಿಯೇ ಅದು. ನಾನು ಮಾತಾಡಿದ್ದನ್ನು ಉಮ್ಮ ಜಗಲಿಯಲ್ಲಿ ಅಣ್ಣನ ಹೆಂಡತಿ ರುಕಿಯಾಳ ಜೊತೆ ಬೀಡಿ ಕಟ್ಟುತ್ತಾ ಕೇಳುತ್ತಿದ್ದರು. ಆ ಕ್ಯಾಸೆಟ್‌ಗಳಿಗೆ ಒಂದು ಕ್ರಮವಿತ್ತು. ಮೊದಲು ಮನೆಯವರಿಗೆಲ್ಲ ಹೆಸರು ಹಿಡಿದು ಸಲಾಂ. ಒಬ್ಬರ ಹೆಸರು ಬಿಟ್ಟರೆ ಮುಗಿಯಿತು, ಮುಂದಿನ ಕ್ಯಾಸೆಟ್‌ನಲ್ಲಿ ದೂರು ಬರುತ್ತದೆ. ಆಮೇಲೆ "ನಾವೆಲ್ಲ ಇಲ್ಲಿ ಸೌಖ್ಯ, ನೀವೂ ಸೌಖ್ಯವೆಂದು ಎಣಿಸುತ್ತೇನೆ." ಜ್ವರ ಬಂದು ಮಲಗಿದ್ದರೂ ಸೌಖ್ಯ. ನೀರು ನಿಂತು ಮೂರು ದಿನವಾಗಿದ್ದರೂ ಸೌಖ್ಯ. ದೋಹಾಕ್ಕೆ ಬಂದ ಎಂಟು ವರ್ಷದಲ್ಲಿ ಒಂದು ಸಲವೂ ನಾನು ಬೇರೆ ಹೇಳಿದ್ದಿಲ್ಲ.

ಗಂಟನ್ನು ಮೊದಲು ನೋಡಿದ್ದು ಶಬಾನಾ. ನಾನು ನೀರು ಕುಡಿಯುತ್ತಿದ್ದೆ. "ಮಮ್ಮೀ, ನಿಮ್ಮ ನೆಕ್‌ನಲ್ಲಿ ಒಂದು ಬಾಲ್ ಮೇಲೆ ಹೋಗ್ತದೆ, ಕೆಳಗೆ ಬರ್ತದೆ!" ಅವಳಿಗೆ ಅದು ಆಟ. ಇನ್ನೊಮ್ಮೆ ಕುಡಿಯಿರಿ ಎಂದು ಗ್ಲಾಸು ತುಂಬಿಸಿ ತಂದಳು. ತಲೆವಸ್ತ್ರದ ಪಿನ್ನು ಎರಡು ತಿಂಗಳಿನಿಂದ ಬಿಗಿಯಾಗುತ್ತಿದ್ದದ್ದು ನನಗೆ ಗೊತ್ತಿತ್ತು. ದಪ್ಪಗಾಗಿದ್ದೇನೆ ಎಂದುಕೊಂಡಿದ್ದೆ. ಕನ್ನಡಿಯ ಮುಂದೆ ನಿಂತು ಉಗುಳು ನುಂಗಿದೆ. ಅಲ್ಲಾಹನೇ, ಒಂದು ನಿಂಬೆಹಣ್ಣಿನಷ್ಟು ಇತ್ತು!

ಕುಸುಮಕ್ಕ ಮುಟ್ಟಿ ನೋಡಿದರು. "ಇದೆಂಥದು ಮಾರಾಯ್ತಿ, ಇಷ್ಟು ದೊಡ್ಡದಾಗುವವರೆಗೆ ನಿನ್ನ ಗಂಡನಿಗೂ ಕಾಣ್ಲಿಲ್ವಾ?"

"ಅವರಿಗೆ ಸ್ಟೋರಿನ ಸಾಮಾನು ಬಿಟ್ಟು ಬೇರೆ ಏನೂ ಕಾಣುವುದಿಲ್ಲ," ಎಂದೆ. ಇಬ್ಬರೂ ನಕ್ಕೆವು. ಆದರೆ ಕುಸುಮಕ್ಕ ಅಂದೇ ನನ್ನನ್ನು ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಹೆಲ್ತ್ ಸೆಂಟರಿಗೆ ಹೋದರು. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ದೊಡ್ಡ ಆಸ್ಪತ್ರೆಯಲ್ಲಿ ಹೆಂಗಸರು ಕಾಯುವ ಕೋಣೆ ಬೇರೆ. ಗಂಡ ಬಾಗಿಲಿನವರೆಗೆ ಬರಬಹುದು, ಒಳಗೆ ನಾವೇ. ಗೋಡೆಯುದ್ದಕ್ಕೂ ಕಪ್ಪು ಅಬಾಯಗಳು, ನಡುವೆ ನಮ್ಮಂಥವರ ಬಣ್ಣದ ಚೂಡಿದಾರಗಳು. ಪಕ್ಕದಲ್ಲಿ ಕೂತವರು ಮೊದಲು ಕೇಳುವ ಪ್ರಶ್ನೆ ರೋಗದ್ದಲ್ಲ, ಮಕ್ಕಳೆಷ್ಟು ಎಂಬುದು. ಒಂದು ಬೆರಳು ತೋರಿಸಿದರೆ ಪಾಪ ಎನ್ನುವಂತೆ ನಾಲಿಗೆ ಲೊಚಗುಟ್ಟುತ್ತಾರೆ. ಗಂಟಿಗೆ ಸಿಗದ ಕನಿಕರ ನನಗೆ ಅಲ್ಲಿ ಒಂದೇ ಮಗುವಿಗೆ ಸಿಕ್ಕಿತು. ಕೆಲವು ಸಲ ಬೆಳಿಗ್ಗೆ ಏಳಕ್ಕೆ ಹೋದರೆ ಹನ್ನೊಂದಕ್ಕೆ ಹೆಸರು ಕರೆಯುತ್ತಿದ್ದರು. ಕರೆಯುವಾಗ ನನ್ನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು ಎಲ್ಲ ಸೇರಿ ಯಾರೋ ಬೇರೆಯವರಂತೆ ಕೇಳಿಸುತ್ತಿತ್ತು. ಒಂದು ಸಲ ಹಾಗೆಯೇ ಕೂತಿದ್ದು ಸರದಿ ತಪ್ಪಿಸಿಕೊಂಡೆ.

ಸೂಜಿ ಚುಚ್ಚಿ ಪರೀಕ್ಷೆ ಮಾಡಿದರು. ಫಲಿತಾಂಶ ಬಂತು, ಅದರಲ್ಲಿ ಹೌದು ಎಂದೂ ಇಲ್ಲ, ಅಲ್ಲ ಎಂದೂ ಇಲ್ಲ. ತೆಗೆದೇ ನೋಡಬೇಕು ಎಂದರು ಡಾಕ್ಟರು, ಸುಡಾನಿನವರು, ತುಂಬ ತಾಳ್ಮೆಯ ಮನುಷ್ಯ. ಕಾಗದದ ಮೇಲೆ ಗಂಟಲಿನ ಚಿತ್ರ ಬರೆದು, ಗಂಟಿನ ಹಿಂದೆ ಒಂದು ತೆಳು ಗೆರೆ ಎಳೆದರು. ಇದು ಸ್ವರದ ನರ. ಇದಕ್ಕೆ ಪೆಟ್ಟಾಗದ ಹಾಗೆ ನೋಡಿಕೊಳ್ಳುತ್ತೇವೆ, ಆದರೂ ಮಾತು ಕೊಡಲಿಕ್ಕೆ ಆಗುವುದಿಲ್ಲ ಎಂದರು. ಸಹಿ ಹಾಕಿಸಿಕೊಂಡರು.

ಹೊರಗೆ ಬಂದ ಮೇಲೆ ಇವರು ಕ್ಯಾನ್ಸರ್ ಆಗಿರಲಿಕ್ಕಿಲ್ಲ, ಕ್ಯಾನ್ಸರ್ ಆಗಿರಲಿಕ್ಕಿಲ್ಲ ಎಂದು ದಾರಿಯುದ್ದಕ್ಕೂ ಹೇಳಿದರು. ನನ್ನ ತಲೆಯಲ್ಲಿ ಆ ತೆಳು ಗೆರೆ ಮಾತ್ರ ಇತ್ತು. ಸ್ವರ ಹೋದರೆ ಉಮ್ಮನ ಪಾಲಿಗೆ ನಾನೇ ಇಲ್ಲ. ಫೋಟೋ ನೋಡಿದರೆ ಅವರಿಗೆ ಸಮಾಧಾನವಾಗುವುದಿಲ್ಲ, ಕಾಗದ ಓದಲಿಕ್ಕೆ ಬರುವುದಿಲ್ಲ. ಅದೂ ಅಲ್ಲದೆ ಬಿ.ಪಿ. ಬೇರೆ. ಮಗಳ ಕುತ್ತಿಗೆ ಕೊಯ್ಯುತ್ತಾರೆ ಎಂದು ತಿಳಿದರೆ ಊಟ ಬಿಟ್ಟುಬಿಡುತ್ತಾರೆ. ಹೇಳುವುದು ಬೇಡವೇ ಬೇಡ ಎಂದು ನಿಶ್ಚಯಿಸಿದೆ.

ಆಗ ನನಗೆ ಈ ಉಪಾಯ ಹೊಳೆದದ್ದು. ಸ್ವರ ಇರುವಾಗಲೇ ಮೂರು ತಿಂಗಳಿನ ಮಾತು ಆಡಿಡುವುದು!

ಆಪರೇಶನ್ ಡಿಸೆಂಬರ್ ಮೊದಲ ವಾರಕ್ಕಿತ್ತು. ಆ ವರ್ಷ ರಂಜಾನ್ ಬರುವುದು ಜನವರಿಯಲ್ಲಿ, ಹಬ್ಬ ಫೆಬ್ರವರಿಯಲ್ಲಿ. ನವೆಂಬರಿನಲ್ಲಿ ಕೂತು ಮೂರು ಕ್ಯಾಸೆಟ್ ತುಂಬಿಸಿದೆ. ಒಂದು ಮಾಮೂಲಿ. ಎರಡನೆಯದು ಉಪವಾಸದ ತಿಂಗಳಿನದು: "ಉಮ್ಮಾ, ಇವತ್ತು ಹತ್ತನೇ ನೋಂಬು, ಸಮೋಸ ಮಾಡಿದ್ದೇನೆ." ಹಾಗೆ ಹೇಳುವಾಗ ನಾನು ಮಧ್ಯಾಹ್ನದ ಊಟ ಮುಗಿಸಿ ಏಲಕ್ಕಿ ಜಗಿಯುತ್ತಿದ್ದೆ. ಮೂರನೆಯದು ಹಬ್ಬದ ಬೆಳಗ್ಗಿನದು. ಅದಕ್ಕೆ ಶುಕ್ರವಾರ ಸಂಜೆ ಇಡೀ ಸಂಸಾರವನ್ನು ಕೂರಿಸಿದೆ. ಹಿಂದಿನಿಂದ ಪಾತ್ರೆ ಕುಟ್ಟಿದೆ, ಒಗ್ಗರಣೆ ಚುಂಯ್ ಎನ್ನಿಸಿದೆ. ಇವರ ಬಾಯಿಗೆ ಮಾತು ಕೊಟ್ಟೆ. ಇವರು ಪೊಲೀಸ್ ಸ್ಟೇಶನ್ನಿನಲ್ಲಿ ಹೇಳಿಕೆ ಕೊಡುವವರ ಹಾಗೆ, "ನಾನು ಈಗ ಹಬ್ಬದ ನಮಾಜಿಗೆ ಹೊರಡುತ್ತಾ ಇದ್ದೇನೆ" ಎಂದರು. ಶಬಾನಾ ಚಂದವಾಗಿ "ಅಜ್ಜೀ, ಈದ್ ಮುಬಾರಕ್" ಎಂದವಳು, ಅದೇ ಉಸಿರಿನಲ್ಲಿ "ಮಮ್ಮೀ, ಇವತ್ತು ಈದಾ? ನನ್ನ ನ್ಯೂ ಫ್ರಾಕ್ ಎಲ್ಲಿ?" ಎಂದು ಕೇಳಿದಳು. ಅಷ್ಟು ಭಾಗ ಅಳಿಸಿ ಮತ್ತೆ ಮಾಡಿದೆವು.

ಮುಗಿದ ಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ. ಬರಲಿರುವ ಹಬ್ಬಕ್ಕೆ ನಾನು ಇರುತ್ತೇನೋ ಇಲ್ಲವೋ ಗೊತ್ತಿಲ್ಲ, ಆ ಹಬ್ಬದ ಬಿರಿಯಾನಿ ಚೆನ್ನಾಗಿತ್ತು ಎಂದು ಉಮ್ಮನಿಗೆ ಹೇಳಿಟ್ಟಿದ್ದೇನೆ. ನನಗೆ ನನ್ನನ್ನು ಕಂಡೇ ಹೆದರಿಕೆಯಾಯಿತು.

ಕ್ಯಾಸೆಟ್‌ಗಳ ಮೇಲೆ ಒಂದು, ಎರಡು, ಮೂರು ಎಂದು ಬರೆದೆ. ಒಂದನೆಯದನ್ನು ಇವರ ಗೆಳೆಯ ಅಬ್ಬಾಸಾಕರ ಕೈಯಲ್ಲಿ ಕಳಿಸುವುದೆಂದು ತೀರ್ಮಾನ. ಅವರು ನನ್ನ ಆಪರೇಶನ್ ವಾರದಲ್ಲೇ ಒಂದು ತಿಂಗಳ ರಜೆಯಲ್ಲಿ ಊರಿಗೆ ಹೊರಟಿದ್ದರು. ಉಳಿದೆರಡು ಕಪಾಟಿನಲ್ಲಿ ಇರಲಿ, ರಂಜಾನಿನಲ್ಲಿ ಒಂದು, ಹಬ್ಬಕ್ಕೆ ಒಂದು, ಹೋಗುವವರು ಸಿಕ್ಕಿದ ಹಾಗೆ ಕಳಿಸಿ ಎಂದು ಇವರಿಗೆ ಮೂರು ಸಲ ಹೇಳಿದೆ. "ನಾನೆಂಥ ಸಣ್ಣ ಮಗುವಾ? ದಿನಾ ಸಾವಿರ ಐಟಂ ನೋಡುವವ ನಾನು" ಎಂದರು.

ಆಪರೇಶನ್ ದಿನ ಟ್ರಾಲಿ ತಳ್ಳುತ್ತಿದ್ದ ಮಲಯಾಳಿ ನರ್ಸ್, "ಪೇಡಿಕ್ಕಂಡ ಇತ್ತಾ" ಎಂದಳು, ಹೆದರಬೇಡಿ ಅಕ್ಕಾ ಎಂದು. ನಾವು ಮನೆಯಲ್ಲಿ ಆಡುವುದು ಬ್ಯಾರಿ ಭಾಷೆ, ಮಲಯಾಳ ಅದಕ್ಕೆ ತುಂಬ ಹತ್ತಿರ. ಆ ತಣ್ಣನೆಯ ಕಾರಿಡಾರಿನಲ್ಲಿ ಮನೆಯವರೇ ಯಾರೋ ಮಾತಾಡಿದ ಹಾಗಾಯಿತು. ಲಿಫ್ಟಿನವರೆಗೂ ಅವಳ ಕೈ ಬಿಡಲಿಲ್ಲ.

ಎಚ್ಚರವಾದಾಗ ಮೊದಲು ಮಾಡಿದ ಕೆಲಸ ಮಾತಾಡಲು ನೋಡಿದ್ದು. ಬರಲಿಲ್ಲ. ಟೈರಿನಿಂದ ಗಾಳಿ ಹೋಗುವಾಗಿನ ಹಾಗೆ ಬರೀ ಗಾಳಿ. ಡಾಕ್ಟರು ಬಂದು, ಬಾವು ಇಳಿಯಲಿ, ಕಾಯೋಣ ಎಂದರು. ನರ್ಸು ಒಂದು ಸಣ್ಣ ಗಂಟೆ ಕೊಟ್ಟಳು, ಬೇಕಾದಾಗ ಬಾರಿಸಲಿಕ್ಕೆ. ನಾನು ಬಾರಿಸಲಿಲ್ಲ. ನನಗೆ ಬೇಕಾದದ್ದನ್ನು ಅವಳು ತಂದುಕೊಡುವ ಹಾಗಿರಲಿಲ್ಲ.

ಪಕ್ಕದ ಮಂಚದಲ್ಲಿ ಆ ದೇಶದವರೇ ಒಬ್ಬರು ಮುದುಕಿ ಇದ್ದರು. ಕೈಗೆ ಮೆಹಂದಿ, ಬಾಯಿ ತುಂಬ ಮಾತು. ನನ್ನತ್ತ ತಿರುಗಿ ಅರಬ್ಬಿಯಲ್ಲಿ ಏನೇನೋ ಕೇಳಿದರು. ನಾನು ಕುತ್ತಿಗೆಯ ಪಟ್ಟಿ ತೋರಿಸಿ ತಲೆಯಾಡಿಸಿದೆ. "ಮಾಫಿ ಕಲಾಮ್?" ಎಂದರು, ಮಾತು ಇಲ್ವಾ ಎಂದು. ಹೌದೆಂದು ಸನ್ನೆ ಮಾಡಿದೆ. "ಖಲಾಸ್" ಎಂದು ಕೈ ಕೊಡವಿ, ಆಮೇಲೆ ಇಬ್ಬರ ಪಾಲಿನ ಮಾತನ್ನೂ ಅವರೇ ಆಡತೊಡಗಿದರು. ನನಗೆ ಅರ್ಥವಾದದ್ದು ಕಾಲು ಭಾಗ. ಆದರೂ ನಾಲ್ಕು ದಿನ ನಾನು ಆ ಮಾತನ್ನು ಕೇಳುತ್ತಾ ಮಲಗಿದೆ. ಮನೆಯಿಂದ ಬಂದ ಖರ್ಜೂರವನ್ನು ಬೀಜ ತೆಗೆದು, ಬೆರಳಿನಲ್ಲಿ ಮೆತ್ತಗೆ ಹಿಸುಕಿ, ಯಲ್ಲಾ ಯಲ್ಲಾ ಎನ್ನುತ್ತಾ ನನ್ನ ಬಾಯಿಗೆ ಇಡುತ್ತಿದ್ದರು. ಅವರಿಗೆ ಏನು ಕಾಯಿಲೆ ಎಂದು ನಾನು ಕೇಳಲಿಕ್ಕೇ ಆಗಲಿಲ್ಲ. ಅವರ ಹೆಸರೂ ನನಗೆ ಗೊತ್ತಿಲ್ಲ.

ಮನೆಗೆ ಬಂದೆ. ಕುಸುಮಕ್ಕ ಬೆಳಿಗ್ಗೆ ತೆಳು ಗಂಜಿ, ಸಂಜೆ ರಾಗಿ ಮಣ್ಣಿ ತಂದಿಟ್ಟು ಹೋಗುತ್ತಿದ್ದರು. ಗಂಟು ಕೆಟ್ಟದ್ದಲ್ಲ ಎಂದು ಹನ್ನೆರಡನೆಯ ದಿನ ರಿಪೋರ್ಟ್ ಬಂತು. ಇವರು ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕುಸಿದು ಕೂತು ಮುಖ ಮುಚ್ಚಿಕೊಂಡರು. ಅಷ್ಟು ದಿನ ಹೊತ್ತುಕೊಂಡಿದ್ದ ಹೆದರಿಕೆಯನ್ನು ನನಗೆ ಒಮ್ಮೆಯೂ ತೋರಿಸಿರಲಿಲ್ಲ. ನನಗೂ ಖುಷಿಯಾಯಿತು. ಆದರೆ ಅಲ್‌ಹಮ್ದುಲಿಲ್ಲಾಹ್ ಎಂದು ಜೋರಾಗಿ ಹೇಳಲಿಕ್ಕೆ ಸ್ವರ ಇರಲಿಲ್ಲ.

ಮರುದಿನ ಕಪಾಟು ತೆರೆದು ನೋಡಿದರೆ ಎರಡೂ ಇಲ್ಲ, ಮೂರೂ ಇಲ್ಲ! ಶಬಾನಾಳ ನೋಟ್‌ಬುಕ್ಕಿನಲ್ಲಿ "ಕ್ಯಾಸೆಟ್ ಎಲ್ಲಿ?" ಎಂದು ಬರೆದು ಇವರ ಮುಂದೆ ಹಿಡಿದೆ. ತಲೆ ಕೆರೆದುಕೊಂಡರು.

"ಅದು... ಅಬ್ಬಾಸಾಕ ಬಂದದ್ದು ನಿನ್ನ ಆಪರೇಶನ್ ದಿನವೇ ಅಲ್ವಾ? ನನಗೆ ತಲೆ ಎಲ್ಲಿತ್ತು? ಹಾಲಿನ ಪುಡಿ, ಸೋಪು, ನೋವಿನ ಎಣ್ಣೆ ಎಲ್ಲ ಕಟ್ಟಿದೆ. ಕಪಾಟಿನಲ್ಲಿದ್ದ ಕ್ಯಾಸೆಟ್ ಕವರನ್ನು ಹಾಗೇ ಹಾಕಿಬಿಟ್ಟೆ."

ಮೂರನ್ನೂ? ಎಂದು ಬರೆದೆ.

"ಮೂರನ್ನೂ."

ಎಂಟು ವರ್ಷದ ಸಂಸಾರದಲ್ಲಿ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ, ಬೈಯಲಿಕ್ಕೆ ಸ್ವರವೂ ಇರಲಿಲ್ಲ. ಚಮಚದಿಂದ ಬಟ್ಟಲನ್ನು ಬಡಿದೆ, ಬಡಿದೇ ಬಡಿದೆ. ಎದುರು ಮನೆಯಿಂದ ಕುಸುಮಕ್ಕ ಓಡಿಬಂದರು. ವಿಷಯ ಕೇಳಿ ಅವರಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ದೇವರೇ, ಉಪವಾಸ ಶುರುವಾಗುವ ಮೊದಲೇ ನಿನ್ನ ಅಮ್ಮ ಹಬ್ಬ ಕೇಳಿಯಾಯ್ತು!" ಎಂದರು. ನನ್ನ ಕಣ್ಣಲ್ಲಿ ನೀರು ನೋಡಿದ ಮೇಲೆ ಪಕ್ಕದಲ್ಲಿ ಕೂತು ಬೆನ್ನು ಸವರಿದರು.

ಅಲ್ಲಿಂದ ಮೂರು ವಾರ ನಾನು ಬದುಕಿದ್ದು ಹೇಗೆಂದು ಕೇಳಬೇಡಿ. ಉಮ್ಮನಿಗೆ ಏನಾಗಿರಬಹುದು ಎನ್ನುವುದೊಂದೇ ಯೋಚನೆ. ಬಿ.ಪಿ. ಏರಿ ಬಿದ್ದಿದ್ದರೆ? ಇವಳಿಗೆ ತಲೆ ಕೆಟ್ಟಿದೆ ಎಂದು ಊರೆಲ್ಲ ಹೇಳಿದ್ದರೆ? ಊರಿನ ಅಂಗಡಿಗೆ ಫೋನ್ ಮಾಡಿ ಉಮ್ಮನನ್ನು ಕರೆಸಬಹುದಿತ್ತು, ಆದರೆ ಕರೆಸಿ ಮಾತಾಡುವುದು ಯಾರು? ಗಂಡ ಮಾತಾಡಿದರೆ, ಅವಳೆಲ್ಲಿ ಎಂದೇ ಕೇಳುತ್ತಾರೆ. ಇಷ್ಟರಲ್ಲಿ ನನಗೆ ಸ್ವರವೆಂಬ ಹೆಸರಿನಲ್ಲಿ ಒಂದು ಒಡಕು ಶಬ್ದ ಬರತೊಡಗಿತ್ತು. ಶಬಾನಾ ಅದನ್ನು ಕೇಳಿ ಹೆದರಿ ಅಪ್ಪನ ಹಿಂದೆ ಅಡಗಿದಳು. ಅದರ ನೋವು ನನಗೆ ಹೊಲಿಗೆಯ ನೋವಿಗಿಂತ ಹೆಚ್ಚು.

ಅಬ್ಬಾಸಾಕ ಮರಳಿದ್ದು ರಂಜಾನಿಗೆ ಎರಡು ದಿನ ಇರುವಾಗ. ಬಾಗಿಲಲ್ಲೇ ನಿಂತು ಒಂದು ಕ್ಯಾಸೆಟ್ ಕೊಟ್ಟರು. "ನಿನ್ನ ಉಮ್ಮ ಕೊಟ್ಟದ್ದು. ನೀನೊಬ್ಬಳೇ ಕೇಳ್ಬೇಕಂತೆ" ಎಂದರು. ಇವರು ಶಬಾನಾಳನ್ನು ಕರೆದುಕೊಂಡು ಕೆಳಗೆ ಹೋದರು.

ಬಟನ್ ಒತ್ತಿದೆ. ಸಲಾಂ ಒಂದೇ, ಅದೂ ನನಗೆ ಮಾತ್ರ. ಆಮೇಲೆ ಉಮ್ಮ ಮಾತಾಡಿದ್ದು ಇಷ್ಟು. ಅವರು ಹೇಳಿದ್ದು ಬ್ಯಾರಿಯಲ್ಲಿ, ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮಗಳೇ, ಮೂರೂ ಕೇಳಿದೆ, ಒಂದೇ ದಿನ. ಗಲ್ಫಿನಲ್ಲಿ ಹಬ್ಬ ನಮಗಿಂತ ಒಂದು ದಿನ ಮುಂಚೆ ಆಗ್ತದೆ, ಅದು ಗೊತ್ತುಂಟು. ಎರಡು ತಿಂಗಳು ಮುಂಚೆ ಆದದ್ದು ಇದೇ ಮೊದಲು. ರುಕಿಯಾ ನೆಲಕ್ಕೆ ಬಿದ್ದು ನಗಾಡಿದಳು. ನಾನು, ಅವಳೇನೋ ತಮಾಷೆಗೆ ಮಾಡಿದ್ದು ಅಂತ ಹೇಳಿ ಬಾಯಿ ಮುಚ್ಚಿಸಿದೆ. ನೀನು ಅದನ್ನು ಹಬ್ಬದ ದಿನವೇ ಕಳಿಸಿದ್ರೂ ನಾನು ಹಿಡೀತಿದ್ದೆ. ನಿನ್ನ ಗಂಡ ಹಬ್ಬದ ನಮಾಜಿಗೆ ಹೊರಡ್ತಾನೆ, ಹಿಂದಿನಿಂದ ಮಸೀದಿಯಲ್ಲಿ ಬಾಂಗ್ ಕೊಡ್ತಾರೆ. ಹಬ್ಬದ ನಮಾಜಿಗೆ ಬಾಂಗ್ ಉಂಟಾ ಮಗಳೇ? ಸುಳ್ಳು ಹೇಳುವುದಾದ್ರೆ ನೆಟ್ಟಗೆ ಹೇಳ್ಲಿಕ್ಕೆ ಕಲಿ."

ನಗು ಬಂತು. ಹೊಲಿಗೆ ಚುರುಕ್ ಎಂದಿತು. ಅಳುವೂ ಬಂತು. ಇಷ್ಟು ಜಾಗ್ರತೆ ಮಾಡಿದವಳಿಗೆ ಸಂಜೆಯ ನಮಾಜಿಗೆ ಕರೆಯುವ ಬಾಂಗ್ ಕಿವಿಗೇ ಬಿದ್ದಿರಲಿಲ್ಲ.

"ನಗಾಡಿ ಆಯ್ತು. ಆಮೇಲೆ ನಾನು ಯೋಚನೆ ಮಾಡಿದೆ. ಮುಂದಿನದ್ದನ್ನು ಯಾರು ಮೊದಲೇ ಮಾತಾಡಿ ಇಡ್ತಾರೆ? ಆಗ ಮಾತಾಡ್ಲಿಕ್ಕೆ ಆಗುವುದಿಲ್ಲ ಅಂತ ಗೊತ್ತಿದ್ದವರು. ಅಬ್ಬಾಸನ ಹತ್ತಿರ ಕೇಳಿದೆ. ಅವನು ಏನಿಲ್ಲ ಏನಿಲ್ಲ ಅಂತ ಚಾ ಕುಡಿಯದೆ ಓಡಿದ. ಆಗ ಏನೋ ಉಂಟು ಅಂತ ಗ್ಯಾರಂಟಿ ಆಯ್ತು. ನಾನು ಯಾರಿಗೂ ಹೇಳ್ಲಿಲ್ಲ, ಅಣ್ಣನಿಗೂ. ಊಟವೂ ಬಿಡ್ಲಿಲ್ಲ, ಮಾತ್ರೆಯೂ ಬಿಡ್ಲಿಲ್ಲ. ನನ್ನನ್ನು ನೀನು ಎಂಥ ಎಣಿಸಿದ್ದಿ?"

ನಾನು ನಿಲ್ಲಿಸಲಿಕ್ಕೆ ಬಟನ್ನಿಗೆ ಕೈ ಚಾಚಿದೆ. ಮುಗಿಯಿತೇನೋ ಎಂದುಕೊಂಡೆ.

"ಇನ್ನೊಂದು ಮಾತು. ನಾನು ನಿನಗೆ ಬೈಯುವ ಹಾಗಿಲ್ಲ. ಹೋದ ಮಳೆಗಾಲದಲ್ಲಿ ನಾನು ಬಾವಿಕಟ್ಟೆಯಲ್ಲಿ ಜಾರಿ ಬಿದ್ದೆ. ಸೊಂಟಕ್ಕೆ ಏಟಾಗಿ ಎರಡು ತಿಂಗಳು ಮಲಗಿದಲ್ಲೇ. ನಿನಗೆ ಆಗಸ್ಟಿನಲ್ಲಿ ಒಂದು ಕ್ಯಾಸೆಟ್ ಬಂತಲ್ಲ, ಅದರಲ್ಲಿ ಬೀಡಿ ಎಲೆ ಕತ್ತರಿಸುವ ಶಬ್ದ ಕೇಳ್ಲಿಲ್ವಾ? ಅದು ರುಕಿಯಾ. ನಾನು ಚಾಪೆಯಲ್ಲಿ ಮಲಗಿ ನಗಾಡ್ತಾ ಮಾತಾಡಿದ್ದು, ಅವಳು ಪಕ್ಕದಲ್ಲಿ ಕೂತು ಖಾಲಿ ಕತ್ತರಿ ಆಡಿಸಿದ್ದು. ಈಗಲೂ ಕೋಲು ಹಿಡಿದೇ ನಡೆಯುವುದು. ಸೌಖ್ಯ ಸೌಖ್ಯ ಅಂತ ಹೇಳಿ ಹೇಳಿ ನನಗೆ ಸಾಕಾಯ್ತು ಮಗಳೇ. ನೀನು ಹೇಗಿದ್ದಿ ಅಂತ ಹೇಳು. ಸ್ವರ ಹೇಗಿದ್ರೂ ಆಗ್ತದೆ. ಇಲ್ಲದಿದ್ರೆ ಬರೀ ಕೆಮ್ಮಿ ಕಳಿಸು. ಅದು ನೀನೇ ಅಂತ ನನಗೆ ಗೊತ್ತಾಗ್ತದೆ."

ಆಗಸ್ಟಿನ ಆ ಕ್ಯಾಸೆಟ್ಟನ್ನು ನಾನು ಎಷ್ಟು ಸಲ ಕೇಳಿದ್ದೆ! ಉಮ್ಮ ಎಷ್ಟು ಗಟ್ಟಿಯಾಗಿದ್ದಾರೆ ನೋಡಿ ಎಂದು ಕುಸುಮಕ್ಕನಿಗೂ ಕೇಳಿಸಿದ್ದೆ. ನಾನು ಇಲ್ಲಿ ಪಾತ್ರೆ ಕುಟ್ಟಿದೆ, ಅವರು ಅಲ್ಲಿ ಕತ್ತರಿ ಆಡಿಸಿದರು. ಸಮುದ್ರದ ಆಚೆ ಈಚೆ ಕೂತು ತಾಯಿ ಮಗಳು ಎಂಟು ವರ್ಷ ಒಬ್ಬರಿಗೊಬ್ಬರು ನಾಟಕ ಆಡಿದ್ದೇವೆ. ಉಮ್ಮ ಬಿದ್ದಾಗ ನಾನು ದುವಾ ಮಾಡಲಿಲ್ಲ, ಯಾಕೆಂದರೆ ನನಗೆ ಗೊತ್ತೇ ಇರಲಿಲ್ಲ. ಆ ಸಂಕಟ ಇಂದಿಗೂ ಹೋಗಿಲ್ಲ.

ಫೋನ್ ಮಾಡಿದ ಹುಡುಗಿಗೆ ನಾನು ಕೊನೆಯಲ್ಲಿ ಹೇಳಿದ್ದು ಇಷ್ಟೇ. ಮಗಾ, ಹೆಚ್ಚಿನವರಿಗೆ ಸ್ವರ ಹೋಗುವುದಿಲ್ಲವಂತೆ. ಡಾಕ್ಟರರ ಹತ್ತಿರ ಬಾಯಿಬಿಟ್ಟು ಕೇಳು. ನನ್ನದು ಪೂರ್ತಿ ಮರಳಲಿಲ್ಲ, ಒಡಕಾಗಿಯೇ ಉಳಿಯಿತು. ಬೆಳಿಗ್ಗೆ ಒಂದು ಮಾತ್ರೆ, ಮಾತಾಡುವಾಗ ಪಕ್ಕದಲ್ಲಿ ನೀರು. ಶಬಾನಾಗೆ ಒಂದು ತಿಂಗಳಲ್ಲಿ ರೂಢಿಯಾಯಿತು. ಈಗ ಅವಳಿಗೆ ನನ್ನ ಹಳೆಯ ಸ್ವರ ನೆನಪೂ ಇಲ್ಲ. ಅದರೊಂದಿಗೆ ಬದುಕಬಹುದು. ಆದರೆ ನಿನ್ನ ಅಮ್ಮನಿಗೆ ಹೇಳಿದ್ದೀಯಾ? ಮೊದಲು ಆ ಕೆಲಸ ಮಾಡು.

ಆವತ್ತು ಉಮ್ಮನ ಮಾತು ಮುಗಿದ ಮೇಲೆ ಖಾಲಿ ಕ್ಯಾಸೆಟ್ ಹುಡುಕಿ ಹಾಕಿದೆ. ಕಿಟಕಿ ಮುಚ್ಚಲಿಲ್ಲ, ಗಂಟಲು ಸರಿಮಾಡಿಕೊಳ್ಳಲಿಲ್ಲ. ಒಂದೊಂದೇ ಮಾತು, ನಡುನಡುವೆ ನಿಲ್ಲಿಸಿ ನೀರು ಕುಡಿದು, ಒಂದು ಬದಿ ತುಂಬಿಸಲು ನಾಲ್ಕು ದಿನ ಹಿಡಿಯಿತು. ಮೊದಲ ದಿನ ಬಂದದ್ದು ಇಷ್ಟೇ:

"ಉಮ್ಮಾ, ಹೆದರಬೇಡಿ, ಇದು ನಾನೇ. ನನಗೆ ಸೌಖ್ಯ ಇಲ್ಲ. ನಿಮ್ಮ ಸೊಂಟ ಹೇಗುಂಟು?"